ವಿಹಾರವಿಲ್ಲದ ವಿಹಾರ

ಕನ್ನಡದಲ್ಲಿ ವಿಹಾರವೆಂದರೆ ಏನೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಸಂಜೆ ನಾಲ್ಕು ಹೆಜ್ಜೆ ನಡೆದು ಬಂದರೂ ವಿಹಾರ, ದೋಣಿಯಲ್ಲಿ ಕುಳಿತರೆ ನೌಕಾವಿಹಾರ, ಶಾಲೆಯ ಮಕ್ಕಳು ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತ ಹೋದರೆ ಅದೂ ವಿಹಾರವೇ. ಇಂಥ ಹೆಸರನ್ನೇ ಹೊತ್ತ ಕೆರೆಯೊಂದು ನಮ್ಮ ಮುಂಬಯಿಯಲ್ಲಿದೆ. ಆದರೆ ಆ ವಿಹಾರ ಕೆರೆಯಲ್ಲಿ ಯಾರೂ ವಿಹರಿಸುವಂತಿಲ್ಲ! ಅದು ಅಲ್ಲಿದ್ದ ಹಳ್ಳಿಯ ಹೆಸರು, ಕನ್ನಡ ನಿಘಂಟನ್ನು ನೋಡಿ ಇಟ್ಟದ್ದಲ್ಲ ಎಂಬುದು ನಮಗೂ ಗೊತ್ತು. ಆದರೂ ಕನ್ನಡಿಗನಿಗೆ ಆ ಹೆಸರು ಕೇಳಿದಾಗಲೆಲ್ಲ ಒಂದು ಸಣ್ಣ ನಗೆ ಬರದೆ ಇರದು.

ನಮ್ಮ ಮಾಸಿಕದ ಈ ಪುಟಗಳಲ್ಲಿ ಸಾಮಾನ್ಯವಾಗಿ ನಾಟಕದ ವಿಮರ್ಶೆ ಬರುತ್ತದೆ, ಪುಸ್ತಕದ ವಿಮರ್ಶೆ ಬರುತ್ತದೆ. ಈ ಸಲ ನಾವು ಮೂರು ಕೆರೆಗಳ ವಿಮರ್ಶೆಗೆ ಹೊರಟಿದ್ದೇವೆ. ಕೆರೆಯೂ ಮನುಷ್ಯ ಕಟ್ಟಿದ ಕೃತಿಯೇ ತಾನೆ? ಅದಕ್ಕೂ ಕರ್ತೃ ಇದ್ದಾನೆ, ಕಾಲವಿದೆ, ಉದ್ದೇಶವಿದೆ, ಆಮೇಲೆ ಬಂದವರು ಮಾಡಿದ ತಿದ್ದುಪಡಿಗಳಿವೆ. ತುಳಸಿ, ವಿಹಾರ, ಪವಾಯಿ ಎಂಬ ಈ ಮೂರನ್ನು ಬಿಡಿಬಿಡಿಯಾಗಿ ನೋಡುವುದು ಮೂರಂಕದ ನಾಟಕದಲ್ಲಿ ಒಂದೇ ಅಂಕ ನೋಡಿ ಎದ್ದು ಬಂದಂತೆ. ಹೊರಾಂಗಣದ ವಿಶ್ರಾಂತಿಗೆ ಈ ಊರಿನ ಸಾಮಾನ್ಯ ಸಂಸಾರಸ್ಥನಿಗೆ ಇವು ಏನು ಕೊಟ್ಟಿವೆ, ಏನು ಕೊಡಬಹುದಿತ್ತು ಎಂಬುದಷ್ಟೇ ನಮ್ಮ ಪ್ರಶ್ನೆ.

ಪ್ರಶ್ನೆ ಹುಟ್ಟಿದ್ದು ನಮ್ಮ ತೀರ್ಥರೂಪರಿಂದ. ಅವರು ಹಾವೇರಿ ಜಿಲ್ಲೆಯವರು. ಮಾಸೂರಿನ ಮದಗದ ಕೆರೆಯ ಸೀಮೆಯಲ್ಲಿ ಹುಟ್ಟಿ ಬೆಳೆದವರು. ಕಣ್ಣಿನ ಪೊರೆ ತೆಗೆಸಲೆಂದು ನಮ್ಮಲ್ಲಿಗೆ ಬಂದಿದ್ದರು. ಘಾಟ್ಕೋಪರದ ಕಡೆಯ ನಮ್ಮ ಸರಕಾರಿ ವಸತಿಗೃಹದ ಎರಡು ಕೋಣೆಗಳಲ್ಲಿ ಹದಿನೈದು ದಿನ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತ ಮೇಲೆ, ಎಲ್ಲಿಯಾದರೂ ನೀರು ಇರುವ ಕಡೆ ಕರೆದುಕೊಂಡು ಹೋಗೆಂದರು. ಸಮುದ್ರ ಅವರಿಗೆ ಸೇರದು. ಅದು ಸುಮ್ಮನೆ ಗದ್ದಲ ಮಾಡುತ್ತದೆ ಎನ್ನುತ್ತಾರೆ. ಹೀಗಾಗಿ ಒಂದು ಭಾನುವಾರ ಬೆಳಿಗ್ಗೆ ಮಕ್ಕಳನ್ನೂ ಕಟ್ಟಿಕೊಂಡು ಪವಾಯಿಗೆ ಹೋದೆವು.

ಹೊಸ ಕಣ್ಣಿಗೆ ನೀರಿನ ಹರವು ಕಂಡೊಡನೆ ಅವರ ಮುಖ ಅರಳಿತು. ಕಟಾಂಜನ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ನೀರಿಗೆ ಇಳಿಯುವ ದಾರಿ ಕೇಳಿದರು. ಗಣಪತಿ ಬಿಡುವ ಘಟ್ಟದ ಕಡೆ ಕರೆದೊಯ್ದೆವು. ನಮ್ಮ ಕಡೆಯ ಹಿರಿಯರಿಗೆಲ್ಲ ಒಂದು ರೂಢಿ ಇದೆ. ಕೆರೆ ಕಂಡರೆ ಬಾಗಿ ಒಂದು ಬೊಗಸೆ ನೀರು ತೆಗೆದು ತಲೆಯ ಮೇಲೆ ಚಿಮುಕಿಸಿಕೊಳ್ಳುತ್ತಾರೆ. ಅವರೂ ಬಾಗಿ ಬೊಗಸೆ ತುಂಬಿಕೊಂಡರು. ತಲೆಯವರೆಗೆ ಒಯ್ಯುವಷ್ಟರಲ್ಲಿ ಕೈ ನಿಂತಿತು. ಮೂಸಿ ನೋಡಿದರು. ನೀರನ್ನು ಮೆಲ್ಲಗೆ ಅಲ್ಲಿಯೇ ಬಿಟ್ಟು, ನಮ್ಮ ಕೈಲಿದ್ದ ಬಾಟಲಿಯ ನಲ್ಲಿ ನೀರಿನಿಂದ ಕೈ ತೊಳೆದುಕೊಂಡರು.

“ಇಷ್ಟ್ ದೊಡ್ಡ ಕೆರಿ ಐತಿ, ಕೈಯಾಗ ಹಿಡಿಯಾಕ ಒಂದ್ ಬೊಗಸಿ ನೀರಿಲ್ಲಲ್ಲೊ ತಮ್ಮಾ” ಎಂದರು. ಸಿಟ್ಟಿನಿಂದಲ್ಲ, ಸಂತೆಯಲ್ಲಿ ಹುಳುಕು ಬದನೆಕಾಯಿ ಕಂಡವರಂತೆ. ಇಪ್ಪತ್ತು ವರ್ಷ ಈ ಊರಿನಲ್ಲಿದ್ದು ಎಷ್ಟೋ ಸಲ ಆ ದಂಡೆಯಲ್ಲಿ ಕಡಲೆಕಾಯಿ ತಿಂದ ನಮಗೆ ಈ ಮಾತು ಹೊಳೆದಿರಲಿಲ್ಲ. ನಾವು ಕೆರೆಯನ್ನು ನೋಡುತ್ತಿದ್ದೆವು, ನೀರನ್ನು ನೋಡಿರಲಿಲ್ಲ.

ಈಗ ಕೃತಿಯ ವಿಚಾರಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮುಂಬಯಿ ಬಾವಿ ಮತ್ತು ಹೊಂಡಗಳ ನೀರನ್ನು ನಂಬಿ ಬದುಕುತ್ತಿತ್ತು. ಜನ ಹೆಚ್ಚಿದಂತೆ ಅದು ಸಾಲದಾಯಿತು. 1856ರಲ್ಲಿ ಸಾಲ್ಸೆಟ್ಟಿಯ ಗುಡ್ಡಗಳ ನಡುವೆ ಮಿಠಿ ನದಿಗೆ ಅಡ್ಡಲಾಗಿ ಕಟ್ಟೆ ಹಾಕುವ ಕೆಲಸ ಶುರುವಾಗಿ, 1860ರಲ್ಲಿ ವಿಹಾರದ ನೀರು ಕೊಳಾಯಿಗಳಲ್ಲಿ ನಗರಕ್ಕೆ ಹರಿದು ಬಂತು. ಇದರ ಯೋಜನೆ ಹೆನ್ರಿ ಕೊನಿಬೇರ್ ಎಂಬ ಇಂಜಿನಿಯರನದು. ಇದೂ ಸಾಲದೆ ತಾಸೊ ಎಂಬ ಹೊಳೆಯನ್ನು ತಡೆದು, ಅದರ ನೀರು ವಿಹಾರದ ಕಡೆಗೆ ತಿರುಗುವಂತೆ 1879ರಲ್ಲಿ ತುಳಸಿ ಕೆರೆ ಸಿದ್ಧವಾಯಿತು. ಪವಾಯಿ 1890ರದು. ಇದಕ್ಕೆ ಸುಮಾರು ಹನ್ನೆರಡೂವರೆ ಲಕ್ಷ ರೂಪಾಯಿ ಖರ್ಚಾಯಿತೆಂದು ಮಹಾನಗರಪಾಲಿಕೆ ಇಂದಿಗೂ ಕೆರೆ ಕೋಡಿ ಬಿದ್ದ ವರ್ಷಗಳಲ್ಲಿ ಪತ್ರಿಕಾ ಪ್ರಕಟಣೆಯಲ್ಲಿ ನೆನಪು ಮಾಡುತ್ತದೆ. ಆದರೆ ಆ ನೀರು ಕುಡಿಯಲು ತಕ್ಕದ್ದಾಗಲಿಲ್ಲ. ಈಗ ಅದು ಕಾರ್ಖಾನೆಗಳ ಬಳಕೆಗೆ, ಆರೇ ಹಾಲಿನ ಕಾಲೊನಿಗೆ ಹೋಗುತ್ತದೆ.

ಸರಪಳಿಯ ಚಂದ ಇಲ್ಲಿದೆ ನೋಡಿ. ಮಳೆಗಾಲದಲ್ಲಿ ತುಳಸಿ ತುಂಬಿದರೆ ಅದರ ಕೋಡಿ ವಿಹಾರಕ್ಕೆ ಬೀಳುತ್ತದೆ. ವಿಹಾರದ ಕೋಡಿಯೂ ಪವಾಯಿಯ ಕೋಡಿಯೂ ಕೂಡಿದಲ್ಲಿ ಮಿಠಿ ನದಿ ಆರಂಭವಾಗಿ, ಸುಮಾರು ಹದಿನೆಂಟು ಕಿಲೋಮೀಟರು ಹರಿದು ಮಾಹೀಮಿನ ಹತ್ತಿರ ಸಮುದ್ರ ಸೇರುತ್ತದೆ. ಮೂರರಲ್ಲಿ ವಿಹಾರವೇ ಹಿರಿಯಣ್ಣ; ತುಂಬಿದಾಗ ಸುಮಾರು 2,770 ಕೋಟಿ ಲೀಟರ್ ಹಿಡಿಯುತ್ತದೆ. ತುಳಸಿ 805 ಕೋಟಿ, ಪವಾಯಿ 545 ಕೋಟಿ. ಇಂದು ಮುಂಬಯಿಗೆ ನೀರುಣಿಸುವ ಏಳು ಜಲಾಶಯಗಳ ಒಟ್ಟು ಸಂಗ್ರಹದಲ್ಲಿ ತುಳಸಿ ಮತ್ತು ವಿಹಾರ ಎರಡೂ ಸೇರಿದರೆ ನೂರಕ್ಕೆ ಎರಡೂವರೆ ಪಾಲು ಮಾತ್ರ. ಉಳಿದುದೆಲ್ಲ ಭಾತ್ಸಾ, ವೈತರಣಾ, ತಾನ್ಸಾಗಳಿಂದ ದೂರ ಪ್ರಯಾಣ ಮಾಡಿ ಬರುತ್ತದೆ, ನಮ್ಮ ಹಾಗೆ.

ಪಾಲು ಇಷ್ಟು ಚಿಕ್ಕದಾದ ಮೇಲೆ ಆ ಎರಡು ಕೆರೆಗಳಿಗೆ ಬೀಗವೇಕೆ, ಜನರಿಗೆ ಬಿಟ್ಟುಕೊಡಬಾರದೇ ಎಂದು ಕೇಳುವವರಿದ್ದಾರೆ. ಒಂದು ಕಾಲದಲ್ಲಿ ವಿಹಾರದ ದಂಡೆಗೆ ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ನಮ್ಮ ಸಂಘದ ಹಿರಿಯ ಸದಸ್ಯರು ಅದನ್ನು ಈಗಲೂ ಬಾಯಿ ಚಪ್ಪರಿಸಿ ಹೇಳುತ್ತಾರೆ. ಈಗ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಮೊದಮೊದಲು ನಮಗೂ ಇದು ಸರಕಾರಿ ದರ್ಪವೆಂದೇ ತೋರಿತ್ತು. (ಸರಕಾರದ ಅನ್ನ ಉಣ್ಣುವವರಿಗೇ ಸರಕಾರದ ಮೇಲೆ ಸಂಶಯ ಹೆಚ್ಚು.) ಆದರೆ ಈ ಸಂಗತಿಯನ್ನು ತೀರ್ಥರೂಪರಿಗೆ ಹೇಳಿದಾಗ ಅವರು ಒಂದೇ ಮಾತಿನಲ್ಲಿ ವಾದ ಮುಗಿಸಿದರು. “ಕುಡಿಯೋ ನೀರಿನ ಕೆರಿ ಅಲ್ಲೇನು? ಹಂಗಾರ ಬೀಗ ಹಾಕಿದ್ದ ಚಲೋ ಆತು. ನಮ್ಮೂರಾಗೂ ಕುಡಿಯೋ ಘಟ್ಟ ಬ್ಯಾರೆ, ದನದ ಘಟ್ಟ ಬ್ಯಾರೆ.”

ಈ ಮಾತಿನಲ್ಲಿ ನಾವು ಬಿ.ಎಸ್ಸಿ.ಯಲ್ಲಿ ಓದಿದ್ದಕ್ಕಿಂತ ಹೆಚ್ಚು ತಿಳಿವಳಿಕೆ ಇದೆ. ತುಳಸಿಯೂ ವಿಹಾರವೂ ಶುದ್ಧವಾಗಿ ಉಳಿದಿರುವುದು ಸುತ್ತಲೂ ಕಾಡು ಇರುವುದರಿಂದ, ಆ ಕಾಡಿನಲ್ಲಿ ಚಿರತೆ ಇರುವುದರಿಂದ, ನಾವು ಇಲ್ಲದಿರುವುದರಿಂದ. ನಾವು ಹೋಗುವುದೆಂದರೆ ನಮ್ಮ ಹಿಂದೆ ವಡಾಪಾವಿನ ಗಾಡಿ, ಅದರ ಹಿಂದೆ ವಾಹನ ನಿಲ್ಲಿಸುವ ಜಾಗ, ಅದರ ಹಿಂದೆ ಗುತ್ತಿಗೆದಾರ. ಆದ್ದರಿಂದ ಮೊದಲ ಎರಡು ಅಂಕಗಳಿಗೆ ಪರದೆ ಎಳೆದದ್ದು ಸರಿಯೆಂದೇ ನಮ್ಮ ಮತ.

ನಮ್ಮ ಆಕ್ಷೇಪ ಬೇರೆ. ಆ ಎರಡನ್ನು ಮುಚ್ಚಿದವರು, ವಿಹಾರದ ಹೊಣೆಯೆಲ್ಲ ಇನ್ನು ಮೂರನೆಯದರ ಮೇಲೆ ಬೀಳುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕಿತ್ತು. ಕುಡಿಯುವ ಘಟ್ಟಕ್ಕೆ ಬೇಲಿ ಹಾಕಿದ ಹಳ್ಳಿಯವರು ಮನುಷ್ಯರು ಮೀಯುವ ಘಟ್ಟವನ್ನು ಕೊಚ್ಚೆಗೆ ಬಿಡುವುದಿಲ್ಲ.

ಪವಾಯಿಯ ದಕ್ಷಿಣದ ದಂಡೆಗೆ ತಾಗಿ ಜೋಗೇಶ್ವರಿ–ವಿಕ್ರೋಲಿ ಕೂಡುರಸ್ತೆ ಹೋಗುತ್ತದೆ. ಆ ಭಾಗಕ್ಕೆ ಆದಿ ಶಂಕರಾಚಾರ್ಯ ಮಾರ್ಗವೆಂದು ಹೆಸರು. ಜಗತ್ತು ಮಿಥ್ಯೆಯೆಂದು ಆಚಾರ್ಯರು ಹೇಳಿದ್ದರೂ ಅಲ್ಲಿಯ ವಾಹನಗಳ ಸದ್ದು ಮಾತ್ರ ಪರಮಸತ್ಯ. ಈಗ ರಸ್ತೆಯ ಮೇಲೆ ಮೆಟ್ರೋದ ಆರನೆಯ ಮಾರ್ಗದ ಕಂಬಗಳೂ ಎದ್ದು ನಿಂತಿವೆ. ಈ ಕಡೆ ಕಟಾಂಜನ, ಕಲ್ಲುಹಾಸಿನ ಕಾಲುದಾರಿ, ಕುಳಿತುಕೊಳ್ಳಲು ಬೆಂಚು, ಸ್ವಲ್ಪ ಉದ್ಯಾನ. ಎದುರು ದಂಡೆಯಲ್ಲಿ ಗುಡ್ಡ, ಹಸಿರು. ಒಂದು ಮಗ್ಗುಲಲ್ಲಿ 1958ರಲ್ಲಿ ಆರಂಭವಾದ ಐ.ಐ.ಟಿ.; ಅವರ ಆವರಣದಲ್ಲಿಯೇ ಕೆರೆಯ ಅಂಚಿಗೆ ಪದ್ಮಾವತಿ ದೇವಿಯ ಗುಡಿ. ರಸ್ತೆಯ ಈಚೆ ಮುಗಿಲೆತ್ತರದ ಮನೆಗಳು. ಅವುಗಳ ಜಾಹೀರಾತುಗಳಲ್ಲಿ ‘ಲೇಕ್ ವ್ಯೂ’ ಎಂಬ ಎರಡು ಶಬ್ದಗಳಿಗೆ ಬೇರೆಯೇ ಬೆಲೆಯಿದೆ. ಕೆರೆಯನ್ನು ಇಪ್ಪತ್ತನೆಯ ಅಂತಸ್ತಿನಿಂದ ನೋಡಿದರೆ ಅದು ಬಹಳ ಸೊಗಸು. ವಾಸನೆ ಅಲ್ಲಿಯವರೆಗೆ ಏರುವುದಿಲ್ಲ.

ದಂಡೆಯ ಕೆಲಸವನ್ನು ನಾವು ಪೂರ್ತಿ ಹಳಿಯುವವರಲ್ಲ. ಬೆಳಿಗ್ಗೆ ಆರೂವರೆಗೆ ಅಲ್ಲಿಗೆ ಹೋದರೆ ಮುದುಕರು ಕೈಬೀಸಿ ನಡೆಯುವುದನ್ನೂ, ಸೊಸೆಯ ವಿಚಾರ ಮಾತಾಡುತ್ತ ಬೆಂಚಿನಲ್ಲಿ ಕುಳಿತ ಅತ್ತೆಯರನ್ನೂ ನೋಡಬಹುದು. ಯಾರೂ ಟಿಕೇಟು ಕೇಳುವುದಿಲ್ಲ. ಈ ಊರಿನಲ್ಲಿ ಟಿಕೇಟಿಲ್ಲದೆ ಕುಳಿತುಕೊಳ್ಳಲು ಸಿಗುವ ಬೆಂಚು ಸಣ್ಣ ಸಂಗತಿಯೇನಲ್ಲ. ಗಾಳ ಹಾಕುವವರ ಹಳೆಯ ಸಂಸ್ಥೆಯೊಂದು ಅಲ್ಲಿದೆ. ಅದರ ಸದಸ್ಯರು ಗಂಟೆಗಟ್ಟಲೆ ಮಾತಿಲ್ಲದೆ ಕೂಡುತ್ತಾರೆ. ಕೆರೆಯನ್ನು ನಿಜವಾಗಿ ಬಲ್ಲವರು ಅವರೇ ಇರಬೇಕು. ಮೀನಿಗೆ ಬೇಕಾದ್ದು ಉಸಿರು, ಕಲ್ಲುಹಾಸಲ್ಲ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ನೀರಿನಲ್ಲಿ ಮೊಸಳೆಗಳೂ ಇವೆ. ಚಳಿಗಾಲದ ಬೆಳಗ್ಗೆ ದಿಬ್ಬಗಳ ಮೇಲೆ ಬಿಸಿಲಿಗೆ ಮೈಯೊಡ್ಡಿ ಮಲಗುತ್ತವೆ. ಇಡೀ ಪವಾಯಿಯಲ್ಲಿ ನಿಶ್ಚಿಂತೆಯಿಂದ ವಿಹರಿಸುವ ಪ್ರಾಣಿ ಅದೊಂದೇ ಎಂದು ನಮ್ಮ ಮನೆಯವರ ಟೀಕೆ.

ಈ ನಿಶ್ಚಿಂತೆಗೂ ಅಪಾಯ ಬಂದಿದೆ. ಸುತ್ತಲಿನ ವಸತಿಗಳಿಂದ ಬರುವ ಕೊಳಚೆ ನೀರು ಸಂಸ್ಕರಣೆಯಿಲ್ಲದೆ ಎಷ್ಟೋ ವರ್ಷಗಳಿಂದ ಕೆರೆಗೆ ಸೇರುತ್ತಿದೆ. ಕೊಳಚೆಯಲ್ಲಿ ಸಾರಜನಕವಿದೆ, ರಂಜಕವಿದೆ. ನಮ್ಮ ಸಾಬೂನಿನ ಪುಡಿ, ನಮ್ಮ ಶೌಚ ಎಲ್ಲವೂ ಗೊಬ್ಬರವೇ. ಈ ಗೊಬ್ಬರ ತಿಂದು ಕೊಬ್ಬುವುದು ಅಂತರಗಂಗೆ. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡದ ನೇರಳೆ ಹೂವು ನೋಡಲು ಬಲು ಚೆಲುವು. ಅದು ನೀರಿನ ಮೇಲೆ ಚಾಪೆ ಹಾಸಿದರೆ ಕೆಳಗೆ ಬೆಳಕು ಇಳಿಯುವುದಿಲ್ಲ. ಸತ್ತು ಕೊಳೆತರೆ ಆ ಕೊಳೆಯುವ ಕೆಲಸಕ್ಕೆ ನೀರಿನೊಳಗಿನ ಆಮ್ಲಜನಕವೇ ಖರ್ಚು. ಬಯಲಿನಲ್ಲಿ ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಮಿಗೆ ಕಡಿಮೆ ಇರಬಾರದು, ಕೊಳೆಯುವ ಪದಾರ್ಥ ಬೇಡುವ ಆಮ್ಲಜನಕ 3 ಮಿಲಿಗ್ರಾಮನ್ನು ಮೀರಬಾರದು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡವಿದೆ. ತೀರ್ಥರೂಪರು ಮೂಗಿನಿಂದ ಅಳೆದದ್ದು ಇದನ್ನೇ.

ಯಾರೂ ಏನೂ ಮಾಡಿಲ್ಲ ಎಂದರೆ ಅನ್ಯಾಯವಾಗುತ್ತದೆ. ರಾಷ್ಟ್ರೀಯ ಸರೋವರ ಸಂರಕ್ಷಣಾ ಯೋಜನೆಯ ಆರಂಭದ ದಿನಗಳಲ್ಲಿಯೇ ಪವಾಯಿಗೆ ಅದರಲ್ಲಿ ಸ್ಥಾನ ದೊರೆತಿತ್ತು. ಅಂತರಗಂಗೆಯನ್ನು ಯಂತ್ರದಿಂದ ತೆಗೆಯುತ್ತಾರೆ, ತೆಗೆದಷ್ಟೂ ಬೆಳೆಯುತ್ತದೆ. ಒಳಬರುವ ಕೊಳಚೆಯನ್ನು ತಡೆಯದೆ ಕಳೆ ಕೀಳುವುದು ಅಂದರೆ ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ. ಆದರೆ ನೆಲ ಒರೆಸುವುದು ಕಣ್ಣಿಗೆ ಕಾಣುವ ಕೆಲಸ, ಛಾಯಾಚಿತ್ರ ತೆಗೆಸಿಕೊಳ್ಳಬಹುದು. ನೆಲದೊಳಗಿನ ಕೊಳವೆಗೆ ಯಾರು ಹಾರ ಹಾಕುತ್ತಾರೆ?

ಇನ್ನು ಈ ವಿಮರ್ಶೆಯ ಮುಜುಗರದ ಭಾಗ. 2021ರಲ್ಲಿ ಪವಾಯಿ ಕೆರೆಯ ಸುತ್ತ ಸೈಕಲ್ ದಾರಿಯ ಯೋಜನೆಯನ್ನು ಮಹಾನಗರಪಾಲಿಕೆ ಕೈಗೆತ್ತಿಕೊಂಡಿತು. ಸುಮಾರು ಹತ್ತು ಕಿಲೋಮೀಟರು, ಸೈಕಲ್ಲಿಗೂ ನಡೆಯುವವರಿಗೂ. ಚಿತ್ರಗಳು ಬಂದವು. ಚಿತ್ರದಲ್ಲಿ ಕೆರೆ ನೀಲಿ, ಮಕ್ಕಳೆಲ್ಲ ಹೆಲ್ಮೆಟ್ ಧರಿಸಿದವರು. ಆ ದಿನಗಳಲ್ಲಿ ಒಬ್ಬ ತರುಣ ನಮ್ಮ ವಸತಿಗೃಹಕ್ಕೆ ಬೆಂಬಲದ ಹಾಳೆ ಹಿಡಿದು ಬಂದ. ಎರಡು ವರ್ಷ ಮಹಾಮಾರಿಯ ಕಾಲದಲ್ಲಿ ಕೋಣೆಯೊಳಗೆ ಕೊಳೆತ ಮಕ್ಕಳಿಗೆ ಇಷ್ಟಾದರೂ ಸಿಗಲೆಂದು ನಾವು ಸಹಿ ಹಾಕಿದೆವು. ನಾವು ಹಾಕಿದ್ದಷ್ಟೇ ಅಲ್ಲ, ನಮ್ಮ ಮೆಟ್ಟಿಲಿನ ಎಂಟು ಮನೆಗಳವರ ಸಹಿಯನ್ನೂ ಹಾಕಿಸಿದೆವು. ಫೈಲಿನಲ್ಲಿ ಒಂದು ಅಲ್ಪವಿರಾಮ ತಪ್ಪಿದರೆ ಹಿಂದಕ್ಕೆ ಕಳಿಸುವ ನಾವು, ಆ ದಾರಿ ನೆಲದ ಮೇಲೆ ಹೋಗುತ್ತದೆಯೋ ನೀರಿನೊಳಗೆ ಹೋಗುತ್ತದೆಯೋ ಎಂದು ಕೇಳಲೇ ಇಲ್ಲ.

ಅದು ನೀರಿನ ಅಂಚಿನೊಳಗೇ ಹೋಗುವುದಿತ್ತು. ತಂತಿಯ ಬುಟ್ಟಿಗಳಲ್ಲಿ ಕಲ್ಲು ತುಂಬಿ ಅವನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ದಾರಿ ಮಾಡುವ ಕ್ರಮಕ್ಕೆ ಗೇಬಿಯನ್ ಎನ್ನುತ್ತಾರೆ. ಕಲ್ಲುಗಳ ಸಂದಿಯಿಂದ ನೀರು ಹೋಗಿ ಬರುತ್ತದೆ, ಆದ್ದರಿಂದ ಕೆರೆಗೆ ಬಾಧಕವಿಲ್ಲ ಎಂಬುದು ಪಾಲಿಕೆಯ ವಾದ. ಆದರೆ ಕೆರೆಗೆ ಅಂಚು ಎಂಬುದು ಗೆರೆಯಲ್ಲ. ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ತೇಲುವ ಆ ಕೆಸರಿನ ಪಟ್ಟಿಯಲ್ಲಿಯೇ ಕೊಕ್ಕರೆ ಮೇಯುವುದು, ಮೀನು ಮೊಟ್ಟೆಯಿಡುವುದು, ಮೊಸಳೆ ಮಲಗುವುದು. ಅದನ್ನು ಕಲ್ಲಿನಿಂದ ತುಂಬಿದರೆ ಉಳಿಯುವುದು ತೊಟ್ಟಿ. ಐ.ಐ.ಟಿ.ಯ ಸಂಶೋಧನ ವಿದ್ಯಾರ್ಥಿಗಳೂ ಒಂದು ಪರಿಸರ ಸಂಸ್ಥೆಯೂ ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2017ರ ಜೌಗುಪ್ರದೇಶ ನಿಯಮಗಳು ಇಂಥ ಸ್ಥಳದಲ್ಲಿ ಒತ್ತುವರಿಯನ್ನೂ ಶಾಶ್ವತ ಕಟ್ಟಡವನ್ನೂ ನಿಷೇಧಿಸುತ್ತವೆ. 2022ರ ಮೇ 6ರಂದು ನ್ಯಾಯಾಲಯ ಈ ಕಾಮಗಾರಿ ಕಾನೂನುಬಾಹಿರವೆಂದು ತೀರ್ಪಿತ್ತು, ಮಾಡಿದ್ದನ್ನು ತೆಗೆದು ಜಾಗವನ್ನು ಮೊದಲಿನಂತೆ ಮಾಡಿಕೊಡಬೇಕೆಂದು ಆಜ್ಞಾಪಿಸಿತು.

ಆ ದಿನ ನಮ್ಮ ಮೆಟ್ಟಿಲಿನಲ್ಲಿ ಬಹಳ ಬೇಸರ. ಓದಿದವರು ಬಡವರ ಮಕ್ಕಳ ಸೈಕಲ್ ಕಸಿದರು ಎಂದವರೂ ಇದ್ದರು. ಆ ಬೇಸರವನ್ನು ನಾವು ತಳ್ಳಿಹಾಕುವುದಿಲ್ಲ. ಎರಡು ಕೋಣೆಯ ಮನೆಯವನಿಗೆ ಹೊರಗಿನ ಬಯಲು ಚೈನಿಯಲ್ಲ, ಅದು ಅವನ ಮೂರನೆಯ ಕೋಣೆ. ಮೊಸಳೆಯ ಹಕ್ಕಿನ ಬಗ್ಗೆ ಮಾತನಾಡುವವರು ಈ ಹಕ್ಕನ್ನೂ ಒಂದು ಸಾಲಿನಲ್ಲಿ ನೆನೆಯಬೇಕು. ಆದರೂ ತೀರ್ಪು ಸರಿಯಾದುದೇ ಎಂದು ಇಂದು ನಮಗೆ ತೋರುತ್ತದೆ. ಸೈಕಲ್ ದಾರಿ ಕೆರೆಯನ್ನು ಸುತ್ತುವ ಉಪಾಯವೇ ಹೊರತು ಕೆರೆಯ ಹತ್ತಿರ ಹೋಗುವ ಉಪಾಯವಾಗಿರಲಿಲ್ಲ. ಆ ಹತ್ತು ಕಿಲೋಮೀಟರು ಸುತ್ತಿ ಬಂದರೂ ನಮ್ಮ ತೀರ್ಥರೂಪರಿಗೆ ಬೊಗಸೆ ನೀರು ಸಿಗುತ್ತಿರಲಿಲ್ಲ. ಕೊಳಚೆ ನೀರಿನ ಕೊಳವೆಗೆ ಬೆಂಬಲ ಕೇಳಿ ಸಹಿಯ ಹಾಳೆ ಹಿಡಿದು ಯಾರೂ ನಮ್ಮ ಬಾಗಿಲಿಗೆ ಬಂದಿರಲಿಲ್ಲ. ಬಂದಿದ್ದರೆ ನಾವು ಎಂಟು ಮನೆ ಹತ್ತಿ ಇಳಿಯುತ್ತಿದ್ದೆವೋ ಎಂದು ಕೇಳಿಕೊಂಡರೆ ಉತ್ತರ ಹೇಳಲು ನಾಚಿಕೆಯಾಗುತ್ತದೆ.

ಇಂಥ ಯೋಜನೆಗಳ ಮಾತು ಬಂದಾಗ ಪರದೇಶದ ಚಿತ್ರ ತೋರಿಸುವುದು ರೂಢಿ. ಅಮೆರಿಕದ ಮಿನಿಯಾಪೊಲಿಸ್ ನಗರದ ಕೆರೆಗಳ ಸರಪಳಿ ಅದರಲ್ಲಿ ಪ್ರಸಿದ್ಧವಾದುದು. ಅಲ್ಲಿ 1883ರಷ್ಟು ಹಿಂದೆಯೇ ಉದ್ಯಾನಗಳಿಗೆಂದು ಪ್ರತ್ಯೇಕ ಮಂಡಳಿ ಮಾಡಿದರು. ದಂಡೆಗಳನ್ನು ಸಾರ್ವಜನಿಕರ ಸ್ವತ್ತಾಗಿ ಉಳಿಸಿಕೊಂಡರು, 1911ರಲ್ಲಿ ಕಾಲುವೆ ತೋಡಿ ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿ ಹೋಗುವಂತೆ ಮಾಡಿದರು. ನಡೆಯುವವರಿಗೆ ಒಂದು ದಾರಿ, ಸೈಕಲ್ಲಿಗೆ ಒಂದು ದಾರಿ, ಬೇಸಗೆಯಲ್ಲಿ ಈಜು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಜಾರಾಟ. ಓದಿದರೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ಚಿತ್ರ ತೋರಿಸುವವರು ಉಳಿದರ್ಧ ಹೇಳುವುದಿಲ್ಲ. ಅಲ್ಲಿಯೂ ಜೌಗನ್ನು ಬಗೆದು ಕೆರೆಗೆ ಅಂದ ಕೊಡುವ ಹುರುಪಿನಲ್ಲಿ, ನೀರನ್ನು ಸೋಸುತ್ತಿದ್ದ ಜೌಗೇ ಹೋಯಿತು. ನೀರು ಕೆಡಲು ಶುರುವಾದ ಮೇಲೆ 1990ರ ದಶಕದಲ್ಲಿ ಖರ್ಚು ಮಾಡಿ ಕೃತಕ ಜೌಗುಗಳನ್ನು ಮತ್ತೆ ಕಟ್ಟಬೇಕಾಯಿತು, ಬೀದಿಯ ಮಳೆನೀರು ಮೊದಲು ಅಲ್ಲಿ ತಂಗಿ ತಿಳಿಯಾಗಿ ಆಮೇಲೆ ಕೆರೆಗೆ ಇಳಿಯಲೆಂದು. ನಾವು ಅವರ ಸೈಕಲ್ ದಾರಿಯ ನಕಲು ಮಾಡಹೊರಟೆವು. ಅವರು ತಪ್ಪಿಗೆ ತೆತ್ತ ದಂಡದ ರಸೀತಿಯನ್ನು ನೋಡಲಿಲ್ಲ.

ಅಂಚಿನ ಬೆಲೆ ಏನೆಂಬುದು ಮುಂಬಯಿಗೂ ಗೊತ್ತಾಗದ ಸಂಗತಿಯಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದು ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದಾಗ, ಇಕ್ಕಟ್ಟಾದ ಮಿಠಿ ಕುರ್ಲಾ, ಕಲೀನಾದ ಮನೆಗಳಿಗೆ ನುಗ್ಗಿತು. ನಮ್ಮ ಸದಸ್ಯರಲ್ಲಿ ಎಷ್ಟು ಜನ ಆ ರಾತ್ರಿ ಎದೆಯುದ್ದ ನೀರಿನಲ್ಲಿ ನಡೆದವರೆಂಬುದನ್ನು ಹೆಸರು ಹಿಡಿದು ಹೇಳಬೇಕಾಗಿಲ್ಲ.

ಹಾಗಾದರೆ ಈ ಸರಪಳಿಯಲ್ಲಿ ವಿಹಾರಕ್ಕೆ ತಕ್ಕಂತೆ ಮಾಡಿದ ಒಂದು ಕೆಲಸವೂ ಇಲ್ಲವೇ? ಇದೆ. ಅದು ಕೆರೆಗಳಿಗಿಂತ ಬಹಳ ಹಳೆಯದು. ತುಳಸಿ ಕೆರೆಯ ನೆರೆಯಲ್ಲಿಯೇ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ, ಕಾನ್ಹೇರಿಯ ನೂರಕ್ಕೂ ಮಿಕ್ಕಿದ ಗುಹೆಗಳಿವೆ. ಬೌದ್ಧ ಭಿಕ್ಷುಗಳ ನಿವಾಸ. ಅವಕ್ಕೂ ವಿಹಾರವೆಂದೇ ಹೆಸರು. ಕನ್ನಡಿಗರಿಗೆ ಅಲ್ಲಿ ಇನ್ನೊಂದು ಆಕರ್ಷಣೆಯುಂಟು. ಒಂಬತ್ತನೆಯ ಶತಮಾನದ ಅಲ್ಲಿನ ಶಾಸನಗಳಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಹೆಸರಿದೆ. ಕೊಂಕಣವನ್ನು ಅವನ ಸಾಮಂತರಾದ ಶಿಲಾಹಾರರು ಆಳುತ್ತಿದ್ದ ಕಾಲ. ಇದನ್ನು ತೀರ್ಥರೂಪರಿಗೆ ಹೇಳಿದಾಗ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಊರಿಗೆ ಹೋಗಿ ಎಲ್ಲರಿಗೂ ಹೇಳಿದ್ದಾರಂತೆ.

ನಾವು ಮೆಚ್ಚಿದ್ದು ಮಾತ್ರ ಬೇರೊಂದು. ಆ ಗುಹೆಗಳನ್ನು ಕಡೆದವರು ಹೊರಗೆ ಒಂದು ಕಲ್ಲಿನ ಜಗಲಿ ಬಿಟ್ಟಿದ್ದಾರೆ. ಪಕ್ಕದಲ್ಲಿ ಮಳೆನೀರು ತುಂಬಿಕೊಳ್ಳುವ ತೊಟ್ಟಿ. ಬಂಡೆಯ ಮೇಲೆ ಸಣ್ಣ ಕಾಲುವೆ ಕೊರೆದು ನೀರನ್ನು ಅದರತ್ತ ತಿರುಗಿಸಿದ್ದಾರೆ. ನೆರಳು, ಕೂರಲು ತಾವು, ಕೈಗೆಟಕುವ ನೀರು, ಕಣ್ಣಿಗೆ ಕಣಿವೆ. ಮೊದಲು ನೀರಿನ ವ್ಯವಸ್ಥೆ, ಆಮೇಲೆ ಜಗಲಿ. ಮೇಲಿನವರೆಗೆ ಹತ್ತಿದ ನಮ್ಮ ಮಕ್ಕಳಿಗೆ ದೂರದಲ್ಲಿ ಒಂದು ಚೂರು ನೀರು ಹೊಳೆದು ಕಾಣಿಸಿತು. ತುಳಸಿಯೋ ವಿಹಾರವೋ ಎಂದು ಅವರಲ್ಲಿ ಜಗಳವಾಯಿತು. ಮುಟ್ಟಲಾಗದ ನೀರನ್ನು ಅಷ್ಟು ದೂರದಿಂದ ನೋಡಿದರೂ ಅವರಿಗೆ ನಷ್ಟವಾದಂತೆ ಕಾಣಲಿಲ್ಲ.

ನಮ್ಮ ಸಂಘದ ಮೇಲೂ ಒಂದು ಆಕ್ಷೇಪವಿದೆ. ಸಂಪಾದಕರು ಇದನ್ನು ಅಚ್ಚು ಮಾಡುವರೆಂದು ನಂಬಿದ್ದೇವೆ. ಕಳೆದ ವರ್ಷದ ವಾರ್ಷಿಕ ವನಭೋಜನಕ್ಕೆ ನಾವು ಹೋದದ್ದು ಊರ ಹೊರಗಿನ ಒಂದು ನೀರಾಟದ ಮನೋರಂಜನ ಕೇಂದ್ರಕ್ಕೆ. ತಲೆಗೆ ಸಾವಿರದ ಮೇಲೆ. ವನವೂ ಇರಲಿಲ್ಲ, ಭೋಜನವೂ ನಮ್ಮದಾಗಿರಲಿಲ್ಲ. ಮನೆಯ ಬುತ್ತಿ ಒಳಗೆ ಒಯ್ಯಬಾರದೆಂದು ಬಾಗಿಲಲ್ಲೇ ತಡೆದಾಗ, ಹಿರಿಯರೊಬ್ಬರು ಬೆಳಗಿನ ಜಾವ ಎದ್ದು ಮಾಡಿದ್ದ ನಲವತ್ತು ಹೋಳಿಗೆಯನ್ನು ಬಸ್ಸಿನಲ್ಲಿಯೇ ಬಿಡಬೇಕಾಯಿತು. ಮಕ್ಕಳು ಪ್ಲಾಸ್ಟಿಕ್ಕಿನ ಜಾರುಬಂಡೆಯಿಂದ ಕ್ಲೋರಿನ್ ನೀರಿಗೆ ಬಿದ್ದು ಕಣ್ಣು ಕೆಂಪು ಮಾಡಿಕೊಂಡು ಖುಷಿಯಾಗಿಯೇ ಮರಳಿದರು, ಇಲ್ಲವೆನ್ನುವುದಿಲ್ಲ. ಆದರೆ ಖರ್ಚು ಕೇಳಿ ಆರು ಕುಟುಂಬಗಳು ಬಸ್ಸು ಹತ್ತಲಿಲ್ಲ. ಅವರು ನೆಗಡಿ, ಪರೀಕ್ಷೆ, ನೆಂಟರು ಎಂದು ಕಾರಣ ಹೇಳಿ ಕಳಿಸಿದ್ದರು. ನಿಜವಾದ ಕಾರಣ ನಮಗೆ ಗೊತ್ತು. ನಾವೂ ತಿಂಗಳ ಕೊನೆಯನ್ನು ಕಂಡವರೇ.

ಆದುದರಿಂದ ಈ ವರ್ಷದ ಪ್ರಯೋಗವಾಗಿ, ಬರುವ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಪವಾಯಿಯ ಉದ್ಯಾನದ ಬಾಗಿಲಲ್ಲಿ ಸೇರೋಣ. ಕಾಂಜೂರಮಾರ್ಗ ಸ್ಟೇಷನ್ನಿನಿಂದ ಬಸ್ಸಿದೆ, ರಿಕ್ಷಾ ಇದೆ. ಬುತ್ತಿ ಅವರವರದು, ಹಂಚಿಕೊಂಡು ತಿನ್ನುವುದು ಕಡ್ಡಾಯ. ಹೋಳಿಗೆಯವರಿಗೆ ಮುಂಚಿತವಾಗಿ ನಮಸ್ಕಾರ. ಎಂಟರ ತನಕ ಹಕ್ಕಿ ನೋಡುವುದು, ಆಮೇಲೆ ಕೆರೆಗೆ ಎಲ್ಲೆಲ್ಲಿ ಕೊಳಚೆ ಮೋರಿ ಸೇರುತ್ತದೆಂದು ಮಕ್ಕಳ ಕೈಯಿಂದ ಎಣಿಸಿ ಬರೆಸುವುದು. ಆ ಎಣಿಕೆಯನ್ನು ಸೇರಿಸಿ ಪಾಲಿಕೆಯ ವಾರ್ಡ್ ಕಚೇರಿಗೆ ಅರ್ಜಿ ಬರೆಯುವ ಕೆಲಸ ನಮ್ಮದು. ಅರ್ಜಿ ಬರೆಯುವುದೊಂದು ನಮಗೆ ಚೆನ್ನಾಗಿ ಬರುತ್ತದೆ. ಈ ಸಲ ಎಂಟು ಮನೆಗಳ ಸಹಿಯನ್ನು ಮೊದಲೇ ತೆಗೆದಿಟ್ಟಿದ್ದೇವೆ. ನೀರಿಗಿಳಿಯುವ ಉತ್ಸಾಹವುಳ್ಳವರಿಗೆ ಒಂದು ಸೂಚನೆ: ಮೊಸಳೆಗಳ ವಿಷಯದಲ್ಲಿ ಸಂಘ ಹೊಣೆಯಲ್ಲ.